ಅಜ್ಜಿಯ ತೋಳಿನಲ್ಲಿ ಏನೂ ಏಳಲಿಲ್ಲ

ಆಶಾರಾಣಿ ಅಂಗಳಕ್ಕೆ ಸಗಣಿ ನೀರು ಚೆಲ್ಲಿ ಅರ್ಧ ಸಾರಿಸಿದ್ದಳು. ಅಷ್ಟರಲ್ಲಿ ಮಗಳು ಅನು ಬಾಗಿಲಿಗೆ ಬಂದು, ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿಕೊಂಡು ನಿಂತಳು.

“ಅಮ್ಮಾ, ಇದು ಬಲೇ ಕಡೀತದೆ.”

ಮೊಳಕೈಯ ಕೆಳಗೆ, ಒಳಮಗ್ಗುಲಲ್ಲಿ, ಸೂಜಿ ಚುಚ್ಚಿದ್ದ ಜಾಗ ಕೆಂಪಗೆ ಗಟ್ಟಿಯಾಗಿ ಎದ್ದು ಕೂತಿತ್ತು. ಆಶಾರಾಣಿಯ ಎರಡು ಕೈಯೂ ಸಗಣಿ. ಮುಟ್ಟಿ ನೋಡುವಂತಿಲ್ಲ. ಬೆಳಕಿಗೆ ತಿರುಗು ಎಂದು ಗದ್ದದಲ್ಲೇ ಸನ್ನೆ ಮಾಡಿ, ಬಗ್ಗಿ ನೋಡಿದಳು. ಎಂಟು ವರ್ಷದ ತೆಳ್ಳಗಿನ ತೋಳಿನಲ್ಲಿ ಆ ಗಂಟು ಇನ್ನೂ ದೊಡ್ಡದಾಗಿ ಕಂಡಿತು.

“ತುರಿಸ್ಬೇಡ. ಶ್ಯಾಮಲಕ್ಕ ಬತ್ತಾರೆ, ನೋಡ್ತಾರೆ.”

ಮೇಲಿನ ಬೀದಿಯ ದಾಸಯ್ಯನಿಗೆ ಟಿ.ಬಿ. ಎಂದು ಗೊತ್ತಾದ ಮೇಲೆ ಊರ ಶಾಲೆಯಲ್ಲಿ ಒಂದು ಶಿಬಿರ ನಡೆದಿತ್ತು. ಶಾಲೆ ಮಕ್ಕಳಿಗೂ ವಯಸ್ಸಾದವರಿಗೂ ತೋಳಿಗೆ ಸಣ್ಣ ಸೂಜಿ ಚುಚ್ಚಿ, ಎರಡು ಮೂರು ದಿನ ಬಿಟ್ಟು ಬಂದು ನೋಡುತ್ತೇವೆ ಎಂದು ಹೇಳಿ ಹೋಗಿದ್ದರು. ಈ ಮನೆಯಿಂದ ಅನುವೂ ಅವಳ ಅಜ್ಜಿ ಪುಟ್ಟಮಲ್ಲಮ್ಮನೂ ಹೋಗಿ ಚುಚ್ಚಿಸಿಕೊಂಡು ಬಂದಿದ್ದರು. ಕೂಸು ಪ್ರಭುವಿಗೆ ಇನ್ನೂ ಒಂದೂವರೆ ವರ್ಷ. ಅವನನ್ನು ಶಿಬಿರಕ್ಕೆ ಕರೆದುಕೊಂಡೇ ಹೋಗಿರಲಿಲ್ಲ.

ಆಶಾ ಕಾರ್ಯಕರ್ತೆ ಶ್ಯಾಮಲಾ ಬಂದಾಗ ಅಂಗಳ ಇನ್ನೂ ಒದ್ದೆಯಿತ್ತು. ಅವಳು ಅನುವಿನ ತೋಳು ಹಿಡಿದು, ಸಣ್ಣ ಪಟ್ಟಿಯಿಂದ ಗಂಟಿನ ಅಗಲ ಅಳೆದು ಬರೆದುಕೊಂಡಳು.

“ಪಿರಿಯಾಪಟ್ಟಣಕ್ಕೆ ಕರ್ಕೊಂಡೋಗಿ ಎದೆ ಫೋಟೊ ತೆಗೆಸ್ಬೇಕು ಆಶಾ. ಎದುರ್ಕೊಬೇಡ. ಎಲ್ಲಿ ಅಜ್ಜಿ, ತೋಳು ತೋರ್ಸಿ.”

ಪುಟ್ಟಮಲ್ಲಮ್ಮ ಹಣೆಗೆ ವಿಭೂತಿ ಇಟ್ಟುಕೊಂಡು ಆಗಷ್ಟೇ ಪೂಜೆಯಿಂದ ಎದ್ದಿದ್ದರು. ತೋಳು ಚಾಚಿದರು. ಸೂಜಿಯ ಗುರುತು ಎಲ್ಲೆಂದು ಹುಡುಕಬೇಕಾಯಿತು. ಸುಕ್ಕಿನ ನಡುವೆ ಏನೂ ಇರಲಿಲ್ಲ. ಕೆಂಪೂ ಇಲ್ಲ, ಊತವೂ ಇಲ್ಲ.

“ನೋಡ್ಕ, ಈ ಮುದುಕಿ ತೋಳಲ್ಲಿ ಏನ್ ಎದ್ದಾತು, ಮೂಳೆ ಬುಟ್ಟು” ಎಂದು ನಕ್ಕರು.

“ನೀವೂ ಒಂದು ಫೋಟೊ ತೆಗೆಸ್ಬುಡಿ ಕಣಜ್ಜಿ. ವಯಸ್ಸಾದೋರು ತೆಗೆಸ್ಲೇಬೇಕು ಅಂದವ್ರೆ ಡಾಕ್ಟ್ರು.”

“ಏಳದೇ ಇರೋಳ್ಗೆ ಯಾಕವ್ವ ಫೋಟೊ? ಮದುವೆ ಮಾಡ್ಸೀಯಾ ನಂಗೆ? ಎದ್ದಿರೋ ಮಗೀನ ನೋಡ್ಕೊಳಿ.”

ಶ್ಯಾಮಲಾ ಇನ್ನೊಮ್ಮೆ ಹೇಳಿದಳು. ಅಷ್ಟರಲ್ಲಿ ಪಕ್ಕದ ಮನೆಯವರು ಕೂಗಿದರು, ಹೋದಳು.

ಅನುವಿನ ಅಪ್ಪ ಗೌರೀಶ್ ಇಬ್ಬರ ತೋಳನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಅವನು ಹೊಗೆಸೊಪ್ಪಿನ ಎಲೆಯನ್ನು ನೋಡುವುದೂ ಹಾಗೆಯೇ. ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸಿ ಇಳಿಸಿದ ಎಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಬೇಕು. ನುಣ್ಣಗೆ, ಕಲೆಯಿಲ್ಲದೆ ಇದ್ದರೆ ಮೊದಲ ದರ್ಜೆ, ಚುಕ್ಕೆ ಬಿದ್ದಿದ್ದರೆ ಬೇರೆ ಗುಡ್ಡೆ. ಈ ಕಡೆಯವರ ಕಣ್ಣಿಗೆ ಆ ಅಭ್ಯಾಸ ಹುಟ್ಟಿನಿಂದ ಬಂದದ್ದು.

“ಅವ್ವಂದು ಕ್ಲೀನಾಗೈತೆ” ಎಂದ. ಮಗಳ ತೋಳನ್ನು ಮೆಲ್ಲಗೆ ಕೆಳಗಿಳಿಸಿ, ಅವಳ ತಲೆ ಸವರಿ, ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. “ಕೂಸಿನ್ ತಾವ ಬುಡಬೇಡ ಇವಳ್ನ.”

ಅವತ್ತಿನಿಂದ ಮನೆಯ ಹಾಸಿಗೆಗಳು ಜಾಗ ಬದಲಿಸಿದವು. ಅಲ್ಲಿಯವರೆಗೆ ಅನು ಮಲಗುತ್ತಿದ್ದುದು ಅಜ್ಜಿಯ ಮಗ್ಗುಲಲ್ಲಿ, ಪ್ರಭು ಅಮ್ಮನ ಮಗ್ಗುಲಲ್ಲಿ. ಈಗ ಅನುವಿಗೆ ನಡುಮನೆಯಲ್ಲಿ ಬೇರೆ ಚಾಪೆ. ಒಬ್ಬಳೇ ಮಲಗಲು ಹೆದರುತ್ತಾಳೆಂದು ಆಶಾರಾಣಿ ಅವಳ ಜೊತೆ ಮಲಗಿದಳು. ಹಾಗಾದರೆ ಕೂಸು? ಮನೆಯಲ್ಲಿ ಕಲೆಯಿಲ್ಲದ ತೋಳು ಅಜ್ಜಿಯದು. ಪ್ರಭುವನ್ನು ಆಶಾರಾಣಿಯೇ ಎತ್ತಿಕೊಂಡು ಹೋಗಿ, ಅತ್ತೆಯ ಕಂಬಳಿಯೊಳಗೆ ಮಲಗಿಸಿ, ಸುತ್ತ ಒತ್ತಿ ಬಂದಳು.

ಅನುವಿನ ಲೋಟ ಬೇರೆಯಾಯಿತು. ಬೆರಕೆಯಾಗದಿರಲೆಂದು ಆಶಾರಾಣಿ ಅದರ ಬುಡಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಳು. ಇಡುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು.

“ಚೆನ್ನಾಗೈತಾ?” ಎಂದು ತಾಯಿ ಆಟದ ಮಾತಿನಂತೆ ಕೇಳಿದಳು.

“ಹ್ಞೂಂ” ಎಂದಳು ಅನು.

ಆಸ್ಪತ್ರೆಗೆ ಹೋಗುವುದು ಮುಂದೆ ಮುಂದೆ ಹೋಯಿತು. ಡಿಸೆಂಬರ್ ತಿಂಗಳು, ಹರಾಜು ಕಟ್ಟೆಗೆ ಸೊಪ್ಪು ಹೋಗಬೇಕು, ಮನೆಯವರೆಲ್ಲ ಎಲೆ ವಿಂಗಡಿಸಲು ಕೂತಿದ್ದರು. ಹದವಾದ ಎಲೆಗೆ ಗಾಳಿ ತಾಗಿದರೆ ಒಣಗಿ ಪುಡಿಯಾಗುತ್ತದೆ. ಅದಕ್ಕೇ ವಿಂಗಡಿಸುವ ಕೋಣೆಯ ಕಿಟಕಿಗೆ ಗೋಣಿ ಕಟ್ಟಿ, ಬಾಗಿಲು ಮುಚ್ಚಿ, ಒಂದು ಬಲ್ಬು ಹಾಕಿಕೊಂಡು ಕೂರುವುದು ಪದ್ಧತಿ. ಪುಟ್ಟಮಲ್ಲಮ್ಮ ಗೋಡೆಗೆ ಒರಗಿ, ಮಡಿಲಲ್ಲಿ ಪ್ರಭುವನ್ನು ಹಾಕಿಕೊಂಡು, ಅವನ ತಲೆಯ ಮೇಲಿಂದಲೇ ಎಲೆ ಬಿಡಿಸುತ್ತಿದ್ದರು. ಎಲೆಯ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದರು. ಪುಟ್ಟಮಲ್ಲಮ್ಮನೂ ಕೆಮ್ಮುತ್ತಿದ್ದರು. ಆ ಕೋಣೆಯಲ್ಲಿ ಯಾರ ಕೆಮ್ಮಿಗೂ ಯಾರೂ ತಲೆಯೆತ್ತಿ ನೋಡುವುದಿಲ್ಲ.

“ಅಜ್ಜಿ ಮಡಿಲು ಸಿಕ್ಕಿದ್ದೇ ಸಿಕ್ಕಿದ್ದು, ಈ ನನ್ಮಗಂದು ಒಂದು ತಂಟೆ ಇಲ್ಲ ಕಣ್ರೀ” ಎಂದು ಗೌರೀಶ್ ಬಂದವರ ಮುಂದೆ ಹೇಳಿಕೊಂಡ. ನಿಜ, ಪ್ರಭು ತಂಟೆ ಮಾಡುವುದನ್ನು ಬಿಟ್ಟಿದ್ದ. ಎಲೆ ಎಳೆಯುತ್ತಿರಲಿಲ್ಲ, ಬಾಗಿಲಿಗೆ ಓಡುತ್ತಿರಲಿಲ್ಲ. ಸಂಜೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ದವಡೆ ಹಲ್ಲು ಬರುತ್ತಿರಬೇಕು ಎಂದುಕೊಂಡರು.

ಅನು ಆ ಕೋಣೆಯ ಹೊಸಿಲಿನ ಹೊರಗೆ ಕೂರುತ್ತಿದ್ದಳು. ತಮ್ಮ ಕೈ ಚಾಚಿದರೆ ತನ್ನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಅವನು ಅವಳ ಕಡೆ ನೋಡಿ ನಕ್ಕರೆ ಉಸಿರು ಬಿಗಿ ಹಿಡಿದು, ಆ ಕಡೆ ತಿರುಗಿದ ಮೇಲೆ ಬಿಡುತ್ತಿದ್ದಳು. ಆಶಾರಾಣಿ ಅದನ್ನು ಹಾಲು ಕಾಯಿಸುತ್ತಾ ನೋಡಿದಳು, ಬಟ್ಟೆ ಹಿಂಡುತ್ತಾ ನೋಡಿದಳು. ಒಂದು ದಿನ ಜಡೆ ಹೆಣೆಯುವಾಗ ಅನು, “ಅಮ್ಮಾ” ಎಂದಳು.

“ಏನು ಕಂದ?”

ಅನುವಿನ ಬೆನ್ನು ಬಿಗಿಯಾಯಿತು. ಆಮೇಲೆ ಸಡಿಲಾಯಿತು.

“ಏನಿಲ್ಲ.”

ಹಾಗೆ ಎಷ್ಟೋ ಸಲ ಆಯಿತು. ಅಮ್ಮಾ ಎನ್ನುವುದು, ಆಮೇಲೆ ಏನಿಲ್ಲ ಎನ್ನುವುದು. ಬಾಯಿಗೆ ಬಂದದ್ದು ಬಾಯಲ್ಲೇ ನಿಲ್ಲುತ್ತಿತ್ತು. ಬಲವಂತ ಮಾಡಬಾರದು, ತಾನಾಗಿ ಬರಲಿ ಎಂದು ಆಶಾರಾಣಿ ಕಾದಳು.

ಕೊನೆಗೂ ಗೌರೀಶ್ ಸೊಪ್ಪು ತುಂಬಿಕೊಂಡು ಹರಾಜು ಕಟ್ಟೆಗೆ ಹೋದ ಒಂದು ಬೆಳಿಗ್ಗೆ, ಅವಳು ಮಗಳನ್ನು ಕರೆದುಕೊಂಡು ರಾವಂದೂರಿನ ಕಡೆಯಿಂದ ಬಂದ ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಬಂದಳು. ಪ್ರಭುವನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು. ನಿಧಾನದ ಹೆಂಗಸು. ಎದೆಯ ಫೋಟೊವನ್ನು ಕಂಪ್ಯೂಟರಿನಲ್ಲಿ ನೋಡಿದರು, ಅನುವಿನ ಕತ್ತು, ಕಂಕುಳು ಮುಟ್ಟಿ ನೋಡಿದರು. ಆಮೇಲೆ ನರ್ಸ್ ಜೊತೆ ತೂಕ ನೋಡಿಸಿಕೊಂಡು ಬಾ ಎಂದು ಅವಳನ್ನು ಕಳಿಸಿದರು.

“ಮಗುವಿಗೆ ಕಾಯಿಲೆ ಇಲ್ಲಮ್ಮ. ತೋಳಲ್ಲಿ ಎದ್ದಿದೆಯಲ್ಲ, ಅದು ರೋಗ ಅಲ್ಲ. ಒಳಗೆ ಬಂದ ಕ್ರಿಮಿಯನ್ನ ಮೈ ಗುರುತು ಹಿಡಿದಿದೆ, ಸುತ್ತುಗಟ್ಟಿ ಕೂರಿಸಿದೆ ಅಂತ. ಇವಳಿಂದ ಯಾರಿಗೂ ಹರಡಲ್ಲ. ಮುಂದೆ ಅದು ಎದ್ದು ಬರದ ಹಾಗೆ ಮಾತ್ರೆ ಕೊಡ್ತೀನಿ.”

ಆಶಾರಾಣಿಗೆ ಮೊದಲು ಕೇಳಿದ್ದು ‘ಕಾಯಿಲೆ ಇಲ್ಲ’ ಎಂಬುದಷ್ಟೇ. ಕಣ್ಣು ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಾಗ ಡಾಕ್ಟರು ಕೇಳಿದರು, “ಮನೇಲಿ ಕೆಮ್ಮೋರು ಯಾರಿದ್ದಾರೆ?”

“ಯಾರೂ ಇಲ್ಲ ಮೇಡಮ್. ಸೊಪ್ಪಿನ ಘಾಟಿಗೆ ಎಲ್ರೂ ಕೆಮ್ತೀವಿ ಅಷ್ಟೇ. ಮೇಲಿನ ಬೀದೀಲಿ ಒಬ್ರಿಗಿತ್ತು.”

“ಅವರ ಮನೆಗೆ ಮಗಳು ಹೋಗ್ತಾಳಾ?”

“ಇಲ್ಲ.”

“ಹಾಗಾದ್ರೆ ಮನೇಲೇ ನೋಡ್ಬೇಕು. ಮಕ್ಕಳಿಗೆ ಇದು ಬರೋದು ಹೆಚ್ಚಾಗಿ ಮನೆಯ ದೊಡ್ಡವರಿಂದ.”

“ನಮ್ಮತ್ತೆಗೂ ಸೂಜಿ ಚುಚ್ಚಿದ್ರು. ಅವ್ರಿಗೆ ಏನೂ ಏಳ್ಲಿಲ್ಲ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ವಯಸ್ಸೆಷ್ಟು ಅವರಿಗೆ?”

“ಎಪ್ಪತ್ತು ದಾಟೈತೆ.”

“ಏಳೋದಕ್ಕೂ ಮೈಯಲ್ಲಿ ಕಸುವು ಬೇಕಮ್ಮ. ವಯಸ್ಸಾದವರಲ್ಲಿ ಎಷ್ಟೋ ಸಲ ಕಾಯಿಲೆ ಇದ್ರೂ ತೋಳಲ್ಲಿ ಏನೂ ಕಾಣಲ್ಲ. ಜ್ವರಾನೂ ಜೋರಾಗಿ ಬರಲ್ಲ. ಊಟ ಸೇರಲ್ಲ, ಸೊರಗ್ತಾರೆ, ವಯಸ್ಸಾಯ್ತು ಅಂತ ನಾವು ಸುಮ್ನಾಗ್ತೀವಿ. ಚಿಕ್ಕವಯಸ್ಸಲ್ಲಿ ಒಳಗೆ ಸೇರಿದ್ದು ವರ್ಷಾನುಗಟ್ಟಲೆ ಸುಮ್ನೆ ಕೂತಿರುತ್ತೆ. ನಿಮ್ಮಂಥ ವಯಸ್ಸಿನವರ ಮೈ ಅದನ್ನ ಹಿಡಿದಿಡುತ್ತೆ. ಮುಪ್ಪಾದ್ಮೇಲೆ ಆ ಹಿಡಿತ ಸಡಿಲಾಗುತ್ತೆ.” ಪೆನ್ನು ಕೆಳಗಿಟ್ಟು ಕೇಳಿದರು, “ಇನ್ನೂ ಚಿಕ್ಕ ಮಕ್ಕಳು ಇದ್ದಾರಾ ಮನೇಲಿ?”

ಆಶಾರಾಣಿಯ ಕಣ್ಣ ಮುಂದೆ ಅತ್ತೆಯ ರವಿಕೆ ಬಂತು. ದೀಪಾವಳಿಗೆ ಮುಂಚೆ ಸಡಿಲವಾಯಿತೆಂದು ಅವಳೇ ಒಳಕ್ಕೆ ಹಿಡಿದು ಹೊಲಿದುಕೊಟ್ಟಿದ್ದಳು. ಮತ್ತೆ ಸಡಿಲವಾಯಿತೆಂದು ಈಚೆಗೆ ಇನ್ನೊಮ್ಮೆ ಹೊಲಿದಿದ್ದಳು. ಆ ರವಿಕೆಗೆ ಒರಗಿಕೊಂಡು ಮಲಗುವ ಪ್ರಭುವಿನ ತಲೆ ಬಂತು.

“ಒಬ್ಬ ಮಗ. ಒಂದೂವರೆ ವರ್ಷ.”

“ಈಗ ಯಾರ ಹತ್ರ ಇದ್ದಾನೆ?”

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಡಾಕ್ಟರಿಗೆ ಅರ್ಥವಾಯಿತು.

“ಅಷ್ಟು ಚಿಕ್ಕವರ ಮೈಗೆ ಇನ್ನೂ ತಡೆಯೋದು ಗೊತ್ತಿರಲ್ಲ. ಬೇಗ ಒಳಗೆಲ್ಲ ಹರಡಿಬಿಡುತ್ತೆ, ತಲೆಗೂ ಏರಬಹುದು. ಇವತ್ತೇ ಕರ್ಕೊಂಡು ಬನ್ನಿ, ಇಬ್ಬರನ್ನೂ.”

ಅನು ಯಾವಾಗ ಬಂದು ಬಾಗಿಲಲ್ಲಿ ನಿಂತಳೋ, ಎಷ್ಟು ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ. ತೂಕದ ಚೀಟಿ ಕೈಯಲ್ಲಿತ್ತು.

ವಾಪಸು ಬರುವ ಬಸ್ಸು ಪ್ರತಿ ಊರಿನ ಗೇಟಿನಲ್ಲೂ ನಿಂತಿತು. ಯಾರೋ ಶುಂಠಿ ಮೂಟೆ ಹತ್ತಿಸಿದರು, ಇನ್ಯಾರೋ ಕಂಡಕ್ಟರನ ಜೊತೆ ತಮಾಷೆ ಮಾಡಿದರು. ಆಶಾರಾಣಿ ಗೌರೀಶನಿಗೆ ಫೋನ್ ಮಾಡಿದಳು. ಹರಾಜಿನ ಗಲಾಟೆಯಲ್ಲಿ ಅವನು ಎತ್ತಲಿಲ್ಲ. ಮನೆಯಲ್ಲಿದ್ದ ಅತ್ತೆಯ ಹತ್ತಿರ ಫೋನು ಇರಲಿಲ್ಲ. ಅನು ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ನಿನ್ನಿಂದ ಏನೂ ಆಗಿಲ್ಲ ಎಂದು ಈಗಲೇ ಹೇಳಿಬಿಡಬೇಕು ಎಂದುಕೊಂಡಳು ಆಶಾರಾಣಿ. ಹೇಳಿದರೆ, ಮತ್ತೆ ಯಾರಿಂದ ಎನ್ನುತ್ತಾಳೆ. ಅಜ್ಜಿಯ ಹೆಸರು ಹೇಳಬೇಕು. ಹುಟ್ಟಿದಂದಿನಿಂದ ಅಜ್ಜಿಯ ಕಂಬಳಿಯಲ್ಲಿ ಮಲಗಿದ ಮಗು. ಇನ್ನೂ ಪರೀಕ್ಷೆಯಾಗಿಲ್ಲ, ಆಗಲಿ, ನೋಡಿಕೊಂಡು ಹೇಳೋಣ ಎಂದು ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅದು ತಣ್ಣಗಿತ್ತು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಹೋಗಿ ಸೊಪ್ಪಿನ ಕೋಣೆಯ ಬಾಗಿಲು ತೆರೆದಳು. ಬಲ್ಬಿನ ಕೆಳಗೆ ಪುಟ್ಟಮಲ್ಲಮ್ಮ ಒಬ್ಬರೇ ಎಲೆ ಬಿಡಿಸುತ್ತಿದ್ದರು. ಪ್ರಭು ಮಡಿಲಲ್ಲಿ ಅರೆಗಣ್ಣು ಬಿಟ್ಟುಕೊಂಡು ಮಲಗಿದ್ದ.

“ಬಂದ್ಯಾ ಆಶಾ? ಏನಂದ್ರು? ಬಾಗ್ಲು ಹಾಕವ್ವ, ಸೊಪ್ಪು ಗರಿಗರಿಯಾಗ್ತದೆ.”

ಅವಳು ಬಾಗಿಲು ಹಾಕಲಿಲ್ಲ. ಕಿಟಕಿಯ ಗೋಣಿಯನ್ನೂ ಕಿತ್ತಳು. ಬಿಸಿಲು, ಗಾಳಿ ಒಟ್ಟಿಗೆ ಒಳಗೆ ಬಂದವು.

“ಏನವ್ವ ನಿಂಗೆ? ವರ್ಷದ ಬೆಳೆ ಕಣ.”

“ಅತ್ತೆ, ಪಾಪುನ ಕೊಡಿ.”

“ಇರ್ಲಿ ಬುಡು, ಈಗ್ತಾನೆ ಕಣ್ಮುಚ್ತಾ ಅವ್ನೆ.”

“ಕೊಡಿ ಅತ್ತೆ.”

ಆ ದನಿಗೆ ಪುಟ್ಟಮಲ್ಲಮ್ಮ ಸೊಸೆಯ ಮುಖ ನೋಡಿದರು. ಆಶಾರಾಣಿ ಮುಂದೆ ಕೂತು, ಡಾಕ್ಟರು ಹೇಳಿದ್ದನ್ನು ಹೇಗೆ ಬಂತೋ ಹಾಗೆ ಹೇಳಿದಳು. ಏಳಲಿಲ್ಲವೆಂದರೆ ಇಲ್ಲವೆಂದಲ್ಲ ಎಂದಳು. ನಿಮ್ಮ ತಪ್ಪಲ್ಲ ಎಂದೂ ಹೇಳಿದಳು. ಪುಟ್ಟಮಲ್ಲಮ್ಮ ತಮ್ಮ ತೋಳನ್ನು ತಿರುಗಿಸಿ, ಆ ಏನೂ ಇಲ್ಲದ ಜಾಗವನ್ನು ನೋಡಿಕೊಂಡರು. ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಾಯಿಗೆ ಸೆರಗು ಹಿಡಿದು, ಒಂದು ಕೈಯಲ್ಲೇ ಕೂಸನ್ನು ಸೊಸೆಯ ಕಡೆ ಜರುಗಿಸಿದರು.

“ನಮ್ಮಕ್ಕ ಒಬ್ಳಿದ್ಲು ಕಣವ್ವ” ಎಂದರು ಸೆರಗಿನೊಳಗಿಂದ. “ಹಾರನಹಳ್ಳೀಲಿ, ನಾನು ಅನುವಿನಷ್ಟಿದ್ದಾಗ. ಕ್ಷಯ ಆಗಿತ್ತು. ಅವಳ ಮಗ್ಗುಲಲ್ಲೇ ನನ್ನ ಹಾಸ್ಗೆ. ಅವಳು ಹೋದ್ಲು, ನಂಗೇನೂ ಆಗ್ಲಿಲ್ಲ. ಮಲ್ಲಿ ಗಟ್ಟಿಗಿತ್ತಿ ಅಂತಿದ್ರು ಎಲ್ಲ.”

ಗಾಳಿಗೆ ಎಲೆಗಳು ಸಣ್ಣಗೆ ಸದ್ದು ಮಾಡತೊಡಗಿದ್ದವು. ಇಬ್ಬರೂ ಅವುಗಳನ್ನು ಮುಚ್ಚಲಿಲ್ಲ.

ಪುಟ್ಟಮಲ್ಲಮ್ಮನ ಕಫದಲ್ಲಿ ಕ್ರಿಮಿ ಸಿಕ್ಕಿತು. ಪ್ರಭುವನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನ ಮೂಗಿನಿಂದ ನಳಿಗೆ ಇಳಿಸಿ ಪರೀಕ್ಷೆಗೆಂದು ಹೊಟ್ಟೆಯ ನೀರು ತೆಗೆದರು, ಬೆನ್ನಿನಿಂದ ನೀರು ತೆಗೆದರು. ಬೆನ್ನಿಗೆ ಸೂಜಿ ಹಾಕುವಾಗ ಆಶಾರಾಣಿಯನ್ನು ಹೊರಗೆ ಕೂರಿಸಿದ್ದರು. ಎದೆಯೊಳಗಿನ ಗ್ರಂಥಿಗಳಿಗೆ ಹಿಡಿದಿದೆ, ತಲೆಗೆ ಏರಿಲ್ಲ ಎಂದು ಹೇಳುವವರೆಗೆ ಅವಳು ನೀರು ಕುಡಿಯಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಔಷಧಿ ಶುರುವಾಯಿತು. ಗೌರೀಶನಿಗೂ ಅವಳಿಗೂ ಫೋಟೊ ತೆಗೆದರು, ಇಬ್ಬರದೂ ಚೆನ್ನಾಗಿತ್ತು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಾಗ ಗೌರೀಶ್ ಹೇಳಿದ, “ಅವ್ವನಿಂದ ಅಂತ ಮಗೀಗೆ ಹೇಳ್ಬ್ಯಾಡ ಕಣೆ. ಅವ್ವನ ಮಖ ನೋಡಕಾಯ್ತಿಲ್ಲ ನಂಗೆ.”

“ಅನುನ ಮಖ ನೋಡಿದ್ದೀರಾ ನೀವು?”

ಅವನು ತಲೆ ಬಗ್ಗಿಸಿದ. ಅವಳಿಗೂ ಹೇಳುವ ದಾರಿ ಗೊತ್ತಿರಲಿಲ್ಲ.

ಪ್ರಭುವನ್ನು ಮನೆಗೆ ಕರೆದುಕೊಂಡು ಬಂದು ಕೆಲವು ವಾರಗಳಾದವು. ಹಾಸಿಗೆಗಳು ಮತ್ತೆ ಜಾಗ ಬದಲಿಸಿದ್ದವು. ಅಜ್ಜಿಯ ಚಾಪೆ ಈಗ ಹೊರಗಿನ ಜಗುಲಿಯಲ್ಲಿ, ಗಾಳಿ ಆಡುವ ಕಡೆ. ಯಾರೂ ಅಲ್ಲಿ ಹಾಕಲು ಹೇಳಿರಲಿಲ್ಲ. ಮಾತ್ರೆ ಮೈಗೆ ಹಿಡಿದಿದೆ, ಇನ್ನು ಹರಡುವ ಭಯವಿಲ್ಲ, ಒಳಗೆ ಮಲಗಬಹುದು ಎಂದು ಶ್ಯಾಮಲಾ ಬಂದು ಹೇಳಿದರೂ ಅವರು ಎದ್ದು ಬರಲಿಲ್ಲ. “ಇರ್ಲಿ ಬುಡವ್ವ, ಇಲ್ಲಿ ತಂಪಾಗೈತೆ” ಎಂದರು. ಜನವರಿಯ ಚಳಿಗೆ ಅವರ ಕಾಲು ಬಿರಿದಿದ್ದವು.

ಅನುವಿಗೂ ತಡೆಯುವ ಮಾತ್ರೆ ನಡೆಯುತ್ತಿತ್ತು. ತೋಳಿನ ಗಂಟು ಇಳಿದು ಕಂದು ಕಲೆಯಾಗಿತ್ತು. ಪಾಪುನ ಎತ್ಕೊ ಎಂದು ಆಶಾರಾಣಿ ಎಷ್ಟು ಸಲ ಕರೆದರೂ ಅವಳು, “ಕೈ ತೊಳೆದಿಲ್ಲ” ಎನ್ನುತ್ತಿದ್ದಳು. ತೊಳೆದು ಬಂದರೂ ದೂರ ನಿಲ್ಲುತ್ತಿದ್ದಳು.

ಆವತ್ತು ಬೆಳಿಗ್ಗೆ ಅಂಗಳ ಸಾರಿಸುವುದು ಮುಗಿದಿತ್ತು. ಆಶಾರಾಣಿ ಅಡುಗೆಮನೆಯ ಹೊಸಿಲಲ್ಲಿ ಪ್ರಭುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಮಚದಲ್ಲಿ ಮಾತ್ರೆ ಕರಗಿಸುತ್ತಿದ್ದಳು. ಅವನು ಚಮಚ ಕಿತ್ತುಕೊಳ್ಳಲು ಕೈ ಹಾಕಿದ. ಎಷ್ಟೋ ದಿನದ ಮೇಲೆ ತಂಟೆ ಮಾಡಿದ. ಅವಳಿಗೆ ನಗು ಬಂತು.

“ಅನು, ಅಜ್ಜಿಗೆ ನೀರು ಕೊಡವ್ವ, ಮಾತ್ರೆ ನುಂಗ್ಬೇಕು.”

ಅನು ಲೋಟ ತುಂಬಿಕೊಂಡು ಜಗುಲಿಗೆ ಹೋದಳು. ತೆರೆದ ಬಾಗಿಲಿನಿಂದ ಇಬ್ಬರೂ ಕಾಣುತ್ತಿದ್ದರು. ಪುಟ್ಟಮಲ್ಲಮ್ಮ ಲೋಟ ತೆಗೆದುಕೊಳ್ಳಲಿಲ್ಲ.

“ಇದಲ್ಲ ಕಣವ್ವ. ಅಲ್ಲಿ ಬುಡದಲ್ಲಿ ಚುಕ್ಕೆ ಇರೋದು ಐತಲ್ಲ, ಅದ್ರಲ್ಲಿ ತಕ್ಕೊಂಡ್ಬಾ. ನಂದು ಅದೇ.”

ಅನು ಅಲ್ಲೇ ನಿಂತಳು.

“ಅದು ನಂದು” ಎಂದಳು.

“ನಿಂದಾಗಿತ್ತು. ಈಗ ನಂದು.”

ಅನು ಒಳಗೆ ಬಂದು, ಕೈಯಲ್ಲಿದ್ದ ಲೋಟವನ್ನು ಇಟ್ಟು, ಮೂಲೆಯಲ್ಲಿ ಬೋರಲು ಹಾಕಿದ್ದ ಆ ಇನ್ನೊಂದನ್ನು ಎತ್ತಿಕೊಂಡಳು. ಉಗುರುಬಣ್ಣ ತಿಕ್ಕಿ ತಿಕ್ಕಿ ಅರ್ಧ ಹೋಗಿತ್ತು. ಅದನ್ನು ನೋಡಿದಳು, ತೋಳಿನ ಕಲೆಯನ್ನು ನೋಡಿದಳು, ಅಮ್ಮನ ತೊಡೆಯ ಮೇಲಿದ್ದ ತಮ್ಮನನ್ನು ನೋಡಿದಳು. ಆಶಾರಾಣಿ ಈಗ ‘ಅಮ್ಮಾ’ ಎನ್ನುತ್ತಾಳೆ ಎಂದು ಕಾದಳು. ಈ ಸಲ ‘ಏನಿಲ್ಲ’ ಎನ್ನಲು ಬಿಡಬಾರದು ಎಂದು ಚಮಚ ಕೆಳಗಿಟ್ಟಳು.

ಆದರೆ ಅನು ಅಮ್ಮನ ಮುಂದೆ ನಿಲ್ಲಲಿಲ್ಲ. ಲೋಟಕ್ಕೆ ನೀರು ತುಂಬಿಕೊಂಡು ಜಗುಲಿಗೆ ಹೋದಳು. ಅಜ್ಜಿಯ ಎದುರು, ಮೊದಲಿನಂತೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಲೋಟವನ್ನು ಕೊಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಜ್ಜಿಯ ಮುಖವನ್ನೇ ನೋಡುತ್ತಾ ಕೇಳಿದಳು.

“ಅಜ್ಜೀ, ಪಾಪುಗೆ ಬಂದಿದ್ದು ನನ್ನಿಂದಾನಾ, ನಿನ್ನಿಂದಾನಾ?”